ನೂರ ನಲವತ್ತೈದು ಡಿಗ್ರಿಯ ಮೂಲೆ

ಎಲ್ಲಿಯೂ ಇಲ್ಲದ ಆಕೃತಿಯೊಂದನ್ನು ಪ್ರಶ್ನೆಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಅದು ಇಲ್ಲವೆಂದು ಬರೆದ ಹುಡುಗಿಗೆ ಸೊನ್ನೆ ಕೊಟ್ಟವರು ನೀವು. ಪ್ರತಿಭಾ ಪರೀಕ್ಷೆ ನಡೆಸುವ ಸಮಿತಿಯವರೇ, ಆ ಹುಡುಗಿ ನಾನು.

ಆಗ ಒಂಬತ್ತನೆಯ ತರಗತಿ. ಅಜ್ಜಂಪುರದಿಂದ ಬಸ್ಸು ಹಿಡಿದು ತರೀಕೆರೆಯ ಕೇಂದ್ರಕ್ಕೆ ಬಂದು ಪರೀಕ್ಷೆಗೆ ಕೂತಿದ್ದೆ. ನಿಯಮಿತ ಬಹುಭುಜಾಕೃತಿಯೊಂದರ ಪ್ರತಿ ಒಳಕೋನ 145 ಡಿಗ್ರಿ. ಬಾಹುಗಳೆಷ್ಟು ಎಂಬುದು ಪ್ರಶ್ನೆ. ನೂರ ಎಂಬತ್ತರಲ್ಲಿ ಅದನ್ನು ಕಳೆದರೆ ಹೊರಕೋನ ಮೂವತ್ತೈದು. ಹೊರಕೋನಗಳೆಲ್ಲ ಸೇರಿ ಮುನ್ನೂರ ಅರವತ್ತಾಗಬೇಕು. ಭಾಗಿಸಿದೆ, ಹತ್ತು ಸಲ ಹೋಗಿ ಹತ್ತು ಡಿಗ್ರಿ ಉಳಿಯಿತು. ಮತ್ತೆ ಭಾಗಿಸಿದೆ. ಸುತ್ತಲಿನವರು ಹಾಳೆ ಮಗುಚಿ ಮುಂದೆ ಹೋಗುತ್ತಿದ್ದರು. ಕೊನೆಗೆ, ಇಂಥ ಆಕೃತಿ ಸಾಧ್ಯವಿಲ್ಲವೆಂದು ಕಾರಣಸಹಿತ ಬರೆದೆ.

ಹೊರಗೆ ಬಂದಾಗ ಗೆಳತಿ ನಕ್ಕಳು. "ಲೇ, ಎಲ್ರೂ ಹತ್ತು ಅಂತ ಗೀಚಿ ಎದ್ ಬಂದ್ರೆ ನೀನು ಪ್ರಬಂಧ ಬರೀತಾ ಕೂತಿದ್ಯೇನೇ?"

ಮರುದಿನ ಶಾಲೆ ಬಿಟ್ಟ ಮೇಲೆ, ಮದುವೆ ಪತ್ರಿಕೆಯ ರಟ್ಟಿನಲ್ಲಿ ಮೂವತ್ತೈದು ಡಿಗ್ರಿಯ ಮೂಲೆ ಕತ್ತರಿಸಿಕೊಂಡು ಮೈದಾನಕ್ಕೆ ಹೋದೆ. ಒಂದು ಕಲ್ಲಿನಿಂದ ಹೊರಟು ಹತ್ತು ಹೆಜ್ಜೆ ನಡೆಯುವುದು, ರಟ್ಟು ಇಟ್ಟು ಅಷ್ಟೇ ತಿರುಗುವುದು, ಮತ್ತೆ ಹತ್ತು ಹೆಜ್ಜೆ. ಹತ್ತನೆಯ ಬಾಹು ಮುಗಿದಾಗ ಕಲ್ಲು ಇನ್ನೂ ಮೂರು ಹೆಜ್ಜೆ ಆಚೆಗಿತ್ತು. ಹನ್ನೊಂದನೆಯದನ್ನೂ ನಡೆದರೆ ಅದನ್ನು ದಾಟಿಯೇ ಹೋಗುತ್ತಿದ್ದೆ. ಬಂದು ನೋಡಿ ಎಂದು ಕರೆಯಲು ಯಾರೂ ಇರಲಿಲ್ಲ. ಕೂಡದೆ ಉಳಿದ ಆ ಜಾಗದಲ್ಲಿ ಬಹಳ ಹೊತ್ತು ಕೂತಿದ್ದೆ.

ಸೊನ್ನೆ ಬಂದ ಹಾಳೆಯನ್ನು ಗಣಿತದ ಮೇಷ್ಟ್ರಿಗೆ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ಓದಿದರು. "ನೀನ್ ಬರ್ದಿರೋದು ಸರೀನೇ ಕಣಮ್ಮ. ನೂರ ನಲವತ್ನಾಲ್ಕು ಅಂತ ಇರ್ಬೇಕಿತ್ತು, ಅಚ್ಚಲ್ಲಿ ತಪ್ಪೋಗೈತೆ. ಕೀ ಉತ್ತರ ಹತ್ತು ಅಂತೈತಲ್ಲ, ಏನ್ ಮಾಡಾಕಾಯ್ತದೆ? ಬಿಟ್ಟಾಕು." ಹಾಳೆ ಮಡಿಸಿ ನನ್ನ ಕೈಗೇ ಕೊಟ್ಟರು. ನಿಮಗೆ ನಾನೊಬ್ಬಳೇ ಪತ್ರ ಬರೆದೆ. ಉತ್ತರ ಬರಲಿಲ್ಲ.

ಈಗ ಗಣಿತದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಕಡೂರಿನ ಬಾಡಿಗೆ ಕೋಣೆಯಲ್ಲಿ ಸಂಜೆ ಪಾಠ ಹೇಳುತ್ತೇನೆ. ಕಳೆದ ವಾರ ಸಿಂಗಟಗೆರೆಯ ಹುಡುಗಿಯೊಬ್ಬಳು ನಿಮ್ಮದೇ ಅಭ್ಯಾಸ ಪುಸ್ತಿಕೆ ತಂದಳು. ಅದೇ ಪ್ರಶ್ನೆ, ಅದೇ 145. ಕೊನೆಯ ಪುಟದಲ್ಲಿ ಅದೇ ಹತ್ತು. ಅವಳು ಮೂರು ಸಲ ಭಾಗಿಸಿ ತಲೆಯೆತ್ತಿದಳು.

"ಅಕ್ಕಾ, ಇದು ಕೂಡ್ತಾನೇ ಇಲ್ಲ ಕಣಕ್ಕ."

"ಕೂಡಲ್ಲ."

"ಹಂಗಾರೆ ಪರೀಕ್ಷೇಲಿ ಸರಿ ಇರೋದ್ ಬರೀಲಾ, ಮಾರ್ಕ್ಸ್ ಬರೋದ್ ಬರೀಲಾ?"

ಇಷ್ಟು ವರ್ಷಗಳಲ್ಲಿ ಆ ಲೆಕ್ಕದ ಬಳಿ ನಿಂತ ಇನ್ನೊಬ್ಬರು ನನಗೆ ಸಿಕ್ಕಿದ್ದು ಅಂದೇ. ಸಂತೋಷವಾಗಬೇಕಿತ್ತು. ಆದರೆ 'ಹತ್ತು ಅಂತ ಬರಿ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಪರೀಕ್ಷೆಯ ಹಿಂದಿನ ದಿನ ಹೇಳುತ್ತೇನೆ ಎಂದೆ.

ಆದ್ದರಿಂದ ಸಮಿತಿಯನ್ನು ವಿನಂತಿಸುತ್ತೇನೆ. ಪ್ರಶ್ನೆ ತಪ್ಪೆಂದು ಲಿಖಿತವಾಗಿ ಒಪ್ಪಿಕೊಳ್ಳಿ, ಪುಸ್ತಿಕೆಯಲ್ಲಿ ತಿದ್ದಿಸಿ. ಪರೀಕ್ಷೆಯಲ್ಲಿ ಅದು ಮತ್ತೆ ಬಂದರೆ, ಸಾಧ್ಯವಿಲ್ಲವೆಂದು ಕಾರಣ ಬರೆದವರಿಗೆ ಪೂರ್ಣ ಅಂಕ ಕೊಡುವಂತೆ ಮೌಲ್ಯಮಾಪಕರಿಗೆ ಸೂಚಿಸಿ. ನನ್ನ ಹಳೆಯ ಅಂಕ ನನಗೆ ಬೇಡ. ನಿಮ್ಮ ಉತ್ತರ ಮಾತ್ರ ಪರೀಕ್ಷೆಗೆ ಮೊದಲು ನನ್ನ ಕೈ ಸೇರಬೇಕು. ಅದನ್ನು ಅವಳಿಗೆ ಓದಿ ಹೇಳಬೇಕಾಗಿದೆ.