ಸಿಯಾಲ್ದಾ ಮೇಲೆ ಎತ್ತಿದ ಕಾಲು

ನಿನ್ನೆ ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನಲ್ಲಿ ಕಾಫಿಪುಡಿ ಮಾಡಿಸಿಕೊಳ್ಳುತ್ತಾ ನಿಂತಿದ್ದೆ. ಬಿಸಿ ಪುಡಿಯ ವಾಸನೆಗೆ ಮೂಗರಳಿಸಿ ತಲೆಯೆತ್ತಿದರೆ ಎದುರು ಗೋಡೆಯ ಮೇಲೆ ಸಿನಿಮಾ ಪೋಸ್ಟರ್. ಹಲ್ಲಿಯಂಥದೊಂದು ಪ್ರಾಣಿ, ಮುಗಿಲು ಮುಟ್ಟುವ ಎತ್ತರ, ಕಾಲಡಿಯಲ್ಲಿ ಬೆಂಕಿಪೊಟ್ಟಣದಂಥ ಮನೆಗಳು. ನೀವು ನಗುತ್ತೀರೆಂದು ಗೊತ್ತು, ಆದರೂ ಹೇಳಿಬಿಡುತ್ತೇನೆ. ಐವತ್ತು ದಾಟಿದ, ಸಾಲ್ಟ್ ಲೇಕಿನ ಸರ್ಕಾರಿ ಕಚೇರಿಯಲ್ಲಿ ಮುಖ ಬಿಗಿದುಕೊಂಡು ಕೂರುವ, ಸಕ್ಕರೆ ಕಾಯಿಲೆಯ ನನಗೆ ಇಂಥ ಚಿತ್ರಗಳೆಂದರೆ ಪ್ರಾಣ. ನಾಯಕ, ನಾಯಕಿ, ವಿಜ್ಞಾನಿ ಯಾರೂ ಬೇಡ. ಪ್ರಾಣಿ ನೀರಿನಿಂದ ಎದ್ದು ಬಂದು ಊರು ತುಳಿಯಬೇಕು, ಅಷ್ಟೆ. ನನ್ನ ಹೆಂಡತಿ ನೆಂಟರ ಮುಂದೆ ಈ ವಿಷಯ ಎತ್ತುವುದಿಲ್ಲ.

ಈ ಹುಚ್ಚಿಗೆ ನನಗೊಬ್ಬ ಜೊತೆಗಾರನಿದ್ದ, ಬಸಣ್ಣ. ಧಾರವಾಡದ ಕಡೆಯವನು, ಇಲ್ಲಿನ ಸಿಯಾಲ್ದಾ ಸ್ಟೇಷನ್ನಿನಲ್ಲಿ ರೈಲ್ವೆ ಗುಮಾಸ್ತ. ಇದೇ ಮಾರ್ಕೆಟ್ಟಿನಲ್ಲಿ ಜೋಳದ ಹಿಟ್ಟಿಗಾಗಿ ಅಂಗಡಿಯವನೊಡನೆ ಜಗಳಕ್ಕೆ ನಿಂತಿದ್ದಾಗ ಪರಿಚಯವಾದದ್ದು. ಕೋಲ್ಕತ್ತ ಕಂಡರೆ ಅವನಿಗೆ ಆಗದು.

“ಈ ಊರಾಗ ಮನಷ್ಯಾ ಇರ್ತಾನೇನ್ರೀ ಸರ? ಬೆವರು, ಗದ್ದಲ, ಎಲ್ಲಿ ನಿಂತ್ರೂ ಸಾಸಿವಿ ಎಣ್ಣಿ ವಾಸನಿ!”

ನಾನೋ ಮೈಸೂರಿನವನು, ಬಂದ ಹೊಸದರಲ್ಲೇ ಬಂಗಾಳಿ ಕಲಿತು, ದುರ್ಗಾ ಪೂಜೋ ಬಂದರೆ ಪೆಂಡಾಲಿಂದ ಪೆಂಡಾಲಿಗೆ ಸುತ್ತಿ, ಇದು ನನ್ನೂರು ಎಂದು ಸಿಕ್ಕವರಿಗೆಲ್ಲ ಹೇಳಿಕೊಳ್ಳುವ ಜಂಬಗಾರ. “ನಿಮಗೆ ಈ ಊರಿನ ರುಚಿ ಹತ್ತಲೇ ಇಲ್ಲ ಬಿಡಿ” ಎಂದು ಅವನ ಕಾಲೆಳೆಯುತ್ತಿದ್ದೆ.

ರೈಲ್ವೆಯಲ್ಲಿ ಮ್ಯೂಚುಯಲ್ ಎಂಬ ಪದ್ಧತಿಯಿದೆ. ದೂರದ ಇಬ್ಬರು ನೌಕರರು ಒಪ್ಪಿದರೆ ಜಾಗ ಅದಲುಬದಲು ಮಾಡಿಕೊಳ್ಳಬಹುದು. ಒಬ್ಬ ಹಿಂದೆ ಸರಿದರೆ ಇನ್ನೊಬ್ಬನದೂ ಕೆಟ್ಟಿತು. ಮಗಳಿಗೆ ವರ ಹುಡುಕಿದ ಹಾಗೆ ವರ್ಷಗಟ್ಟಲೆ ಹುಡುಕಿ ಬಸಣ್ಣ ಹುಬ್ಬಳ್ಳಿಯಲ್ಲಿ ತಪನ್ ಎಂಬ ಬಂಗಾಳಿಯನ್ನು ಪತ್ತೆ ಮಾಡಿದ್ದ. ಪಾಪ, ಅಲ್ಲಿ ಹೊಳೆಮೀನು ಸಿಗದೆ ಸೊರಗಿದವನು. ಇಲ್ಲಿ ಅವನ ತಾಯಿ ಹಾಸಿಗೆ ಹಿಡಿದಿದ್ದರು. ಕೊನೆಗೊಂದು ಶುಕ್ರವಾರ ವರ್ಗದ ಆರ್ಡರ್ ಬಂತು. ಆ ಸಂಭ್ರಮಕ್ಕೆ ಮಾರನೆಯ ದಿನ ಇಬ್ಬರೂ ಮ್ಯಾಟಿನಿಗೆ ಹೋದೆವು.

ಪರದೇಶದ ದೊಡ್ಡ ದೊಡ್ಡ ಊರುಗಳಿಗೆ ಮಾತ್ರ ಮೀಸಲಾಗಿದ್ದ ಗೌರವ ಆ ಚಿತ್ರದಲ್ಲಿ ಕೋಲ್ಕತ್ತಕ್ಕೂ ಸಂದಿತ್ತು. ಪ್ರಾಣಿ ಗಂಗೆಯಿಂದೆದ್ದು ಹೌರಾ ಸೇತುವೆಯನ್ನು ಹಪ್ಪಳದ ಹಾಗೆ ಮುರಿದಾಗ ಥಿಯೇಟರಿಗೆ ಥಿಯೇಟರೇ ಶಿಳ್ಳೆ ಹೊಡೆಯಿತು. ಪಕ್ಕದ ಮುದುಕರೊಬ್ಬರು ಮಗ ಪಾಸಾದಂತೆ ಹಿಗ್ಗಿ ನನ್ನ ಬೆನ್ನು ತಟ್ಟಿದರು. ನಾನೂ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ. ಪ್ರಾಣಿ ಸಿಯಾಲ್ದಾ ಕಡೆ ತಿರುಗಿತು. ರೈಲ್ವೆ ಕ್ವಾರ್ಟರ್ಸಿನ ಹಳದಿ ಕಟ್ಟಡಗಳು, ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆ. ಅದು ಕಾಲೆತ್ತಿತು.

“ಏಯ್! ಇಡಬ್ಯಾಡ! ನಮ್ಮನಿ ಐತಿ ಅಲ್ಲೆ!”

ಬಸಣ್ಣ ಎದ್ದು ನಿಂತಿದ್ದ. ಎರಡೂ ಕೈ ಪರದೆಯ ಕಡೆ ಚಾಚಿದ್ದ. ಜನ ಗೊಳ್ಳೆಂದು ನಕ್ಕರು. ನಗಲು ಬಾಯಿ ತೆರೆದ ನಾನು ಅವನ ಮುಖ ನೋಡಿ ಹಾಗೇ ಮುಚ್ಚಿಕೊಂಡೆ. ಅವನು ಅಳುತ್ತಿದ್ದ. ನಾನು ದಂಗಾಗಿ ಹೋದೆ. ದಿನಬೆಳಗಾದರೆ ಊರಿಗೆ ಬೈಯುತ್ತಿದ್ದವನು ಅದಕ್ಕೆ ಅಡ್ಡ ನಿಂತಿದ್ದಾನೆ. ನನ್ನೂರು ಎಂದು ಕೊಚ್ಚಿಕೊಂಡ ನಾನು ಚಪ್ಪಾಳೆ ತಟ್ಟುತ್ತಿದ್ದೇನೆ! ಅಂಥ ಆಘಾತ ನನಗೆ ಯಾವ ಪ್ರಾಣಿಯಿಂದಲೂ ಆಗಿರಲಿಲ್ಲ.

ಅವನು ಅರ್ಧಕ್ಕೇ ಹೊರಬಿದ್ದ, ನಾನು ಹಿಂದೆಯೇ ಓಡಿದೆ. ನೇರ ಕ್ವಾರ್ಟರ್ಸಿಗೆ ನಡೆದ. ಕಟ್ಟಡ ಎಲ್ಲಿ ಹೋಗುತ್ತದೆ, ಅಲ್ಲೇ ಇತ್ತು. ಮೇಲಿನ ಬಾಲ್ಕನಿಯಲ್ಲಿ ಅವನ ಹೆಂಡತಿ ಪಕ್ಕದ ಮನೆಯಾಕೆಯೊಡನೆ ಬಂಗಾಳಿಯಲ್ಲಿ ಹರಟುತ್ತಾ ಬಟ್ಟೆ ತೆಗೆಯುತ್ತಿದ್ದರು.

“ಸರ, ನಾ ಹೋಗಂಗಿಲ್ಲ” ಎಂದ ಬಸಣ್ಣ. “ಅಕಿ ಬ್ಯಾಡ ಅಂತ ಹೇಳಾಕತ್ತಿದ್ಲು. ನನಗಽ ತಿಳೀಲಿಲ್ಲ.”

“ಹಾಗಾದ್ರೆ ಈಗ್ಲೇ ತಪನ್‌ಗೆ ಹೇಳ್ಬಿಡಿ. ತಡ ಮಾಡ್ಬೇಡಿ.”

ಫೋನು ಹಚ್ಚಿದ. ಇವನು ಬಾಯಿ ಬಿಡುವ ಮೊದಲೇ ಆ ಕಡೆಯಿಂದ ಹಿಂದಿಯಲ್ಲಿ ಸಂತೋಷದ ಸುರಿಮಳೆ; ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು. ತಾಯಿಗೆ ಸುದ್ದಿ ಹೇಳಿದನಂತೆ. ತಿಂಗಳುಗಳಿಂದ ಮಲಗಿದ್ದಾಕೆ ದಿಂಬಿಗೊರಗಿ ಎದ್ದು ಕೂತರಂತೆ, ಮಗ ಬರುವ ದಿನಕ್ಕೆ ಇಲಿಶ್ ಮೀನು ತರಲು ಹೇಳಿದರಂತೆ. ಬಸಣ್ಣ ಕೇಳುತ್ತಲೇ ಇದ್ದ. ಕೊನೆಗೆ “ಹಾಂ ದಾದಾ, ಪಕ್ಕಾ” ಎಂದಷ್ಟೇ ಹೇಳಿ ಫೋನು ಜೇಬಿಗಿಳಿಸಿದ.

“ಹೆಂಗ ಹೇಳ್ಲಿ ಸರ?” ಎಂದ.

ಮುಂದಿನ ತಿಂಗಳು ಹೆಂಡತಿ ಮಗಳೊಡನೆ ಹುಬ್ಬಳ್ಳಿಗೆ ಹೋದ. ರೈಲು ಹೊರಡುವವರೆಗೂ ನನ್ನ ಕೈ ಬಿಟ್ಟಿರಲಿಲ್ಲ. ಆಮೇಲೆ ಇಂಥ ಚಿತ್ರಗಳಿಗೆ ಒಬ್ಬನೇ ಹೋಗಲು ಮನಸ್ಸಾಗದೆ ಬಿಟ್ಟೇಬಿಟ್ಟಿದ್ದೆ.

ನಿನ್ನೆ ಮಾತ್ರ ಚಪಲ ತಡೆಯದೆ ಟಿಕೆಟ್ ತೆಗೆದು ಒಳಗೆ ಹೋದೆ. ಹೆಸರೇ ಕೇಳದ ಯಾವುದೋ ಊರು. ಪ್ರಾಣಿ ಕಾಲೆತ್ತಿತು, ಸುತ್ತಲೂ ಶಿಳ್ಳೆ. ನನ್ನ ಕೈ ಮೇಲೇಳಲಿಲ್ಲ. ಕಣ್ಣು ಕಿಟಕಿಗಳನ್ನು ಹುಡುಕುತ್ತಿತ್ತು. ಇಂಟರ್ವಲ್ಲಿನಲ್ಲಿ ಹೊರಗೆ ಬಂದು ಬಸಣ್ಣನಿಗೆ ಫೋನು ಮಾಡಿ, ಮತ್ತೆ ಪ್ರಾಣಿ ಚಿತ್ರಕ್ಕೆ ಬಂದಿದ್ದೇನೆಂದು ಹೇಳಿದೆ.

“ಈ ಸಲ ಯಾವ ಊರ್ರೀ ಸರ?”

“ಯಾವುದೋ ಪರದೇಶ, ಬಸಣ್ಣ. ನಮಗೆ ಸಂಬಂಧ ಇಲ್ಲದ್ದು.”



“ಅಲ್ಲೂ ಯಾರರ ಇರ್ತಾರಲ್ರೀ” ಎಂದ.