ಅರ್ಧ ಗಂಟೆಯೂ ಕೆಂಪೇ

ಮೂರು ವರ್ಷದ ಹಿಂದಿನ ಮಾತು. ವರಮಹಾಲಕ್ಷ್ಮಿ ಹಬ್ಬ ಮುಗಿದು, ಬಾಗಿಲಿಗೆ ಕಟ್ಟಿದ್ದ ಮಾವಿನ ಸೊಪ್ಪು ಇನ್ನೂ ಪೂರ್ತಿ ಒಣಗಿರಲಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿಗೆ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ಕೆಲಸಕ್ಕೆ ಹೊರಟೆ. ಕೆಲಸ ಏನು ಅಂದರೆ, ಟೀವಿ ನೋಡುವುದು. ನಗಬೇಡಿ, ನಮ್ಮ ಮನೆಯಲ್ಲೂ ಎಲ್ಲರೂ ನಕ್ಕರು.

ನಮ್ಮದು ಜರಗನಹಳ್ಳಿ. ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಎರಡನೆಯ ಮಹಡಿಯಲ್ಲಿದ್ದ ಗದಗಿನ ಕಡೆಯ ಶಿವಲೀಲಾ ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಮೋಟಾರು ಹಾಕಿ ಎಂದು ಹೇಳಲು ಇಳಿದು ಬಂದವಳು ಹಾಗೇ ಬಾಗಿಲಿಗೆ ಒರಗಿ ನಿಂತು ಕೇಳಿದಳು.

“ಅಕ್ಕಾರ, ನಮ್ಮ ಆಫೀಸ್ನ್ಯಾಗ ಕನ್ನಡ ಚಲೋ ಬರೋರು ಬೇಕಾಗ್ಯಾರ. ಕುಂತು ಟೀವಿ ನೋಡೂದು, ಜಾಹೀರಾತು ಬಂದ್ರ ಒಂದು ಬಟನ್ ಒತ್ತೂದು. ಇಷ್ಟ ಕೆಲಸ. ಬರ್ತೀರೇನ್ರಿ?”

“ಇದಕ್ಕೂ ಸಂಬಳ ಕೊಡ್ತಾರೇನೆ?” ಅಂದೆ.

ಒಳಗಿನಿಂದ ನಮ್ಮ ಅತ್ತೆ ಕೂಗಿದರು. “ಹಂಗಾದ್ರೆ ನನ್ನೇ ಕರ್ಕೊಂಡೋಗವ್ವ. ನಂಗೆ ಇಪ್ಪತ್ ವರ್ಷದ್ ಅನುಭವ ಅದೆ!”

ಆಫೀಸಿಗೆ ಹೋದ ಮೇಲೆ ಸಂಗತಿ ತಿಳಿಯಿತು. ಜನ ಧಾರಾವಾಹಿಯನ್ನೋ ಅಡುಗೆ ಕಾರ್ಯಕ್ರಮವನ್ನೋ ರೆಕಾರ್ಡ್ ಮಾಡಿಟ್ಟುಕೊಂಡು ಬಿಡುವಿದ್ದಾಗ ನೋಡುತ್ತಾರಲ್ಲ, ಆಗ ನಡುವಿನ ಜಾಹೀರಾತುಗಳನ್ನು ತಾನೇ ಗುರುತಿಸಿ ಹಾರಿಸಿಬಿಡುವ ಸಾಫ್ಟ್‌ವೇರ್ ಒಂದನ್ನು ಯಾವುದೋ ದೊಡ್ಡ ಕಂಪನಿ ಮಾಡುತ್ತಿತ್ತು. ಯಾವುದು ಕಾರ್ಯಕ್ರಮ, ಯಾವುದು ಜಾಹೀರಾತು ಎಂದು ಅದಕ್ಕೆ ಮೊದಲು ಯಾರಾದರೂ ಕಲಿಸಬೇಕು. ಆ ಕಲಿಸುವವರು ನಾವು. ಕೀಬೋರ್ಡಿನ ಎರಡು ಕೀಗಳ ಮೇಲೆ ಗುಂಡಗಿನ ಸ್ಟಿಕ್ಕರ್ ಅಂಟಿಸಿದ್ದರು. ಹಸಿರು ಒತ್ತಿದರೆ ಕಾರ್ಯಕ್ರಮ, ಕೆಂಪು ಒತ್ತಿದರೆ ಜಾಹೀರಾತು. ಒಂದೇ ರೆಕಾರ್ಡಿಂಗನ್ನು ಮೂವರು ಬೇರೆ ಬೇರೆಯಾಗಿ ನೋಡಬೇಕು. ಮೂವರಲ್ಲಿ ಇಬ್ಬರು ಯಾವುದನ್ನು ಒತ್ತಿದರೋ ಸಾಫ್ಟ್‌ವೇರಿಗೆ ಅದೇ ಪಾಠ.

“ಸಿಂಪಲ್ ಆಂಟಿ,” ಎಂದರು ನಮ್ಮ ಟೀಮ್ ಲೀಡ್ ಕಿರಣ್. ನನ್ನ ಮಗನಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಆದರೂ ಆಫೀಸಿನಲ್ಲಿ ಸಾರ್ ಅನ್ನಲೇಬೇಕು. “ಮೂಲೇಲಿ ಚಾನೆಲ್ ಲೋಗೋ ಹೋಯ್ತಾ, ಸೌಂಡ್ ಜಾಸ್ತಿ ಆಯ್ತಾ, ಜಾಹೀರಾತು ಅಂತ ಅರ್ಥ. ಲೋಗೋ ಇದ್ರೆ ಪ್ರೋಗ್ರಾಂ. ತಲೆ ಕೆಡಿಸ್ಕೋಬೇಡಿ.”

ನನಗೆ ಲೋಗೋ ನೋಡುವ ಅಗತ್ಯವೇ ಬರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರೂ ಕಿವಿಯಲ್ಲೇ ಗೊತ್ತಾಗುತ್ತಿತ್ತು. ಜಾಹೀರಾತಿನ ಕನ್ನಡವನ್ನು ಯಾವ ಮನೆಯಲ್ಲೂ ಯಾರೂ ಆಡುವುದಿಲ್ಲ. ‘ಈಗ ಪಡೆಯಿರಿ ರೇಷ್ಮೆಯಂತಹ ಕೂದಲು’ ಅಂತ ಯಾವ ತಾಯಿ ಮಗಳಿಗೆ ಹೇಳುತ್ತಾಳೆ? ಈ ಕಿವಿ ನನಗೆ ಅಜ್ಜಿಯಿಂದ ಬಂದದ್ದು. ಕನಕಪುರದ ಆಚೆಯ ಹಳ್ಳಿಯಲ್ಲಿ ನಮ್ಮಜ್ಜಿ ಸೂಲಗಿತ್ತಿ. ಸುತ್ತಮುತ್ತಲಿನ ಹೆಂಗಸರು ಹೆರಿಗೆಗಷ್ಟೇ ಅಲ್ಲ, ಬೆನ್ನು ಸೊಂಟ ಮಂಡಿ ಏನೇ ನೋವಾದರೂ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಅಜ್ಜಿಯ ತೊಡೆಗೆ ಆತುಕೊಂಡು ನಾನು ಮಾತು ಕಲಿತದ್ದು ಅಲ್ಲಿ. ಸೆಳೆಯುತ್ತದೆ, ಚಳುಕು ಹೊಡೆಯುತ್ತದೆ, ಜೋಮು ಹಿಡಿಯುತ್ತದೆ, ಒನಕೆಯಲ್ಲಿ ಕುಟ್ಟಿದ ಹಾಗಾಗುತ್ತದೆ. ಒಬ್ಬೊಬ್ಬರ ನೋವಿಗೂ ಒಂದೊಂದು ಮಾತು. ಅವರು ಹೋದ ಮೇಲೆ ಅಜ್ಜಿ ಕೆಲವು ಸಲ ನಗುತ್ತಾ, “ಅವಳ್ಗೆ ಸೊಂಟ ನೋಯ್ತಾ ಇಲ್ಲ ಕಣವ್ವ, ಅತ್ತೆ ಮನೆ ನೋಯ್ತಾ ಅದೆ” ಅನ್ನುತ್ತಿದ್ದಳು. ಮಾತು ಕೇಳಿಯೇ ನಿಜ ಯಾವುದು, ನೆಪ ಯಾವುದು ಎಂದು ಹೇಳಿಬಿಡುತ್ತಿದ್ದಳು.

ಅಂಥ ಅಜ್ಜಿಯ ಮೊಮ್ಮಗಳಾದ ನಾನೇ ಒಮ್ಮೆ ಮೋಸ ಹೋಗಿದ್ದೆ. ಅದನ್ನು ಇಲ್ಲಿ ಹೇಳಲೇಬೇಕು.

ನಾನು ಕೆಲಸಕ್ಕೆ ಸೇರುವುದಕ್ಕೆ ಒಂದು ವರ್ಷ ಮುಂಚೆ ಅತ್ತೆ ದಿನಾ ಬೆಳಿಗ್ಗೆ ಅಂಬಲಿ ಕುಡಿದು ಟೀವಿಯ ಮುಂದೆ ಕೂತು ಒಂದು ಕಾರ್ಯಕ್ರಮ ನೋಡುತ್ತಿದ್ದರು. ಬಿಳಿ ಕೋಟು ತೊಟ್ಟವರೊಬ್ಬರು, ಎದುರಿಗೆ ರೇಷ್ಮೆ ಸೀರೆಯ ನಿರೂಪಕಿ. ಮಂಡಿ ನೋವಿಗೆ ಒಂದು ಎಣ್ಣೆ, ಜೊತೆಗೆ ಕುಡಿಯಲು ಒಂದು ಪುಡಿ. ಅರ್ಧ ಗಂಟೆಯ ಕಾರ್ಯಕ್ರಮ. ನಾನು ಅಡುಗೆ ಮನೆಯಲ್ಲಿ ಒಗ್ಗರಣೆ ಹಾಕುತ್ತಾ, ಅತ್ತೆ ಏನೋ ಆರೋಗ್ಯದ ಕಾರ್ಯಕ್ರಮ ನೋಡುತ್ತಿದ್ದಾರೆ, ಒಳ್ಳೆಯದೇ ಆಯಿತು ಅಂದುಕೊಳ್ಳುತ್ತಿದ್ದೆ. ಎಣ್ಣೆ ಪುಡಿ ಎರಡನ್ನೂ ತರಿಸಿಕೊಂಡರು. ಪುಡಿ ಕುಡಿಯುವಾಗ ಬೇರೆ ಮಾತ್ರೆ ಬೇಡ ಎಂದು ಬಿಳಿ ಕೋಟಿನವರು ಹೇಳಿದರಂತೆ. ಅತ್ತೆ ಬಿ.ಪಿ. ಮಾತ್ರೆಗಳನ್ನು ದಿನಾ ತುಳಸಿ ಕಟ್ಟೆಯ ಹಿಂದೆ ಎಸೆಯುತ್ತಿದ್ದದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಲಕ್ವ. ಬದುಕಿ ಮನೆಗೆ ಬಂದರು, ಮಾತೂ ಬಂತು, ಎಡಗೈ ಮಾತ್ರ ಹೇಳಿದ ಹಾಗೆ ಕೇಳಲಿಲ್ಲ. ಬಲಗೈಗೆ ಜೊತೆಯಾಗಿ ಊರಿಗೆಲ್ಲ ಮುದ್ದೆ ತಿರುವಿದ ಕೈ ಅದು. ಈಗ ತಟ್ಟೆಯ ಅಂಚನ್ನು ಹಿಡಿಯುವುದಕ್ಕೂ ಒದ್ದಾಡುತ್ತಿತ್ತು.

“ಟೀವಿನೋರೇ ಯೋಳಿದ್ರಲ್ಲೆ ಸುಮಿತ್ರ. ಜಾಹೀರಾತಾಗಿದ್ರೆ ನಾನ್ಯಾಕ್ ನಂಬ್ತಿದ್ದೆ?” ಎಂದರು ಆಸ್ಪತ್ರೆಯ ಮಂಚದಲ್ಲಿ. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಈಗ ಆಫೀಸಿಗೆ ಬರೋಣ. ಸೇರಿ ಎರಡು ತಿಂಗಳಾಗಿರಬಹುದು. ಹೊಸ ರೆಕಾರ್ಡಿಂಗ್ ತೆರೆದೆ. ಅದೇ ಬಿಳಿ ಕೋಟು! ಅದೇ ನಿರೂಪಕಿ, ಅದೇ ಎಣ್ಣೆಯ ಬಾಟಲಿ. ಮೂಲೆಯಲ್ಲಿ ಚಾನೆಲ್ಲಿನ ಲೋಗೋ ದೀಪದ ಹಾಗೆ ಉರಿಯುತ್ತಿತ್ತು. ಫೋನ್ ಕರೆಗಳು ಶುರುವಾದವು. ತುಮಕೂರಿನ ಲಕ್ಷ್ಮಮ್ಮ ಎಂಬವರು, “ನಾನು ಹಲವಾರು ವರ್ಷಗಳಿಂದ ತೀವ್ರವಾದ ಮಂಡಿ ನೋವಿನಿಂದ ಬಳಲುತ್ತಿದ್ದೆ. ಈಗ ಸಂಪೂರ್ಣವಾಗಿ ಗುಣಮುಖಳಾಗಿದ್ದೇನೆ” ಎಂದರು. ಒಗ್ಗರಣೆಯ ಸದ್ದಿಲ್ಲದೆ, ಹೆಡ್‌ಫೋನಿನಲ್ಲಿ ಆ ಮಾತು ಕೇಳಿದ ಕೂಡಲೇ ನನ್ನ ಅಜ್ಜಿಯ ಜಗಲಿ ಕಣ್ಣ ಮುಂದೆ ಬಂತು. ನೊಂದವರು ಹೀಗೆ ಮಾತಾಡುವುದಿಲ್ಲ. ಹತ್ತು ನಿಮಿಷ ಬಿಟ್ಟು ರಾಯಚೂರಿನ ಶಾಂತಮ್ಮ ಎಂದು ಇನ್ನೊಬ್ಬರು ಬಂದರು. ಮಾತಿಗೆ ಮುಂಚೆ ಸಣ್ಣಗೆ ಗಂಟಲು ಸರಿಮಾಡಿಕೊಂಡರು. ಲಕ್ಷ್ಮಮ್ಮನೂ ಹಾಗೇ ಮಾಡಿದ್ದರು. ಹಿಂದಕ್ಕೆ ಓಡಿಸಿ ಕೇಳಿದೆ. ಎರಡೂ ಒಂದೇ ಗಂಟಲು.

ಮೊದಲ ಕ್ಷಣದಿಂದ ಕೊನೆಯ ಕ್ಷಣದವರೆಗೆ, ಅರ್ಧ ಗಂಟೆಯನ್ನೂ ಕೆಂಪು ಮಾಡಿದೆ.

ಮಧ್ಯಾಹ್ನ ಊಟದ ಡಬ್ಬಿ ತೆರೆಯುವಷ್ಟರಲ್ಲಿ ಕಿರಣ್ ಬಂದರು. “ಆಂಟಿ, ಏನಿದು? ಮಿಕ್ಕ ಇಬ್ರೂ ಗ್ರೀನ್ ಕೊಟ್ಟಿದಾರೆ. ನೀವು ಅರ್ಧ ಗಂಟೆ ಪೂರ್ತಿ ರೆಡ್! ನಿದ್ದೆ ಬಂದು ಬಟನ್ ಮೇಲೆ ಕೈ ಇಟ್ಬಿಟ್ರಾ?”

“ಇಲ್ಲ ಸಾರ್. ಎಚ್ಚರ ಇದ್ದೇ ಒತ್ತಿದೀನಿ. ಅದು ಜಾಹೀರಾತು.”

“ಲೋಗೋ ಇದೆಯಲ್ಲಾ?”

“ಲೋಗೋ ಇದ್ರೆ? ಕಳ್ಳ ನಮ್ಮನೆ ಟವೆಲ್ ಹೊದ್ಕೊಂಡ್ರೆ ನಮ್ಮನೆಯವನಾಗ್ಬಿಡ್ತಾನಾ?”

ಅಕ್ಕಪಕ್ಕದವರು ನಕ್ಕರು. ಕಿರಣ್ ನಗಲಿಲ್ಲ. ಮತ್ತೊಬ್ಬರ ಜೊತೆ ಹೊಂದದ ಗುರುತು ಹೆಚ್ಚಾದರೆ ನನ್ನ ಸ್ಕೋರು ಬೀಳುತ್ತದೆ, ಸ್ಕೋರು ಬಿದ್ದವರನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ವಿವರಿಸಿದರು. “ಆ ಪ್ರೋಗ್ರಾಂದು ಇನ್ನೂ ತುಂಬಾ ರೆಕಾರ್ಡಿಂಗ್ ಬರತ್ತೆ. ಎಲ್ಲಾದಕ್ಕೂ ಹಿಂಗೇ ಮಾಡಿದ್ರೆ ನಾನೂ ಏನೂ ಮಾಡಕ್ಕಾಗಲ್ಲ. ಒಂದ್ಸಲ ಗ್ರೀನ್ ಮಾಡ್ಬಿಡಿ, ಮುಗೀತು.”

“ಮುಗಿಯಲ್ಲ ಸಾರ್, ಅಲ್ಲೇ ಶುರುವಾಗೋದು. ನಿಮ್ಮ ಸಾಫ್ಟ್‌ವೇರ್ ಸೋಪು ಶಾಂಪೂ ಎಲ್ಲಾ ತೆಗೆದುಹಾಕಿ ಇದನ್ನ ಮಾತ್ರ ಉಳಿಸತ್ತೆ. ಜಾಹೀರಾತೆಲ್ಲಾ ಹೋದ್ಮೇಲೆ ಉಳಿದಿದ್ದು ಅಂದ್ರೆ ನೋಡೋರು ಇನ್ನೂ ಜಾಸ್ತಿ ನಂಬ್ತಾರೆ. ನಾನ್ ಒತ್ತಲ್ಲ.”

ಮುಂದಿನ ಎರಡು ವಾರ ಅದೇ ಕಾರ್ಯಕ್ರಮ ಬಂದಾಗಲೆಲ್ಲ ಕೆಂಪೇ ಒತ್ತಿದೆ. ನನ್ನ ಸ್ಕೋರು ದಿನದಿಂದ ದಿನಕ್ಕೆ ಇಳಿಯಿತು. ಭಯ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೊರಳಿನ ಆ ಐಡಿ ಕಾರ್ಡಿನ ಮೇಲೆ ನನಗೆ ತುಂಬಾ ಆಸೆ ಬಂದಿತ್ತು. ಬಸ್ಸಿನಲ್ಲಿ ಬೇಕೆಂದೇ ಅದನ್ನು ಸೆರಗಿನ ಮೇಲೆ ಹಾಕಿಕೊಳ್ಳುತ್ತಿದ್ದೆ. ಸಂಜೆ ಮನೆಗೆ ಬಂದರೆ ಅತ್ತೆ, “ಏನವ್ವ ಆಪೀಸರ್ರು, ಇವತ್ತೆಷ್ಟ್ ಜಾಹೀರಾತ್ ಹಿಡ್ದೆ?” ಎಂದು ಕೇಳುತ್ತಿದ್ದರು. ಅದನ್ನು ಕೇಳುವುದೂ ನಿಂತುಹೋಗುತ್ತದಲ್ಲ ಅನ್ನಿಸುತ್ತಿತ್ತು. ಆದರೆ ಆ ಹಸಿರು ಕೀಯ ಹತ್ತಿರ ಬೆರಳು ಹೋದಾಗಲೆಲ್ಲ ತಟ್ಟೆಯ ಅಂಚಿನಲ್ಲಿ ಜಾರುವ ಎಡಗೈ ಕಾಣುತ್ತಿತ್ತು.

ಕೊನೆಗೆ ಒಂದು ಶುಕ್ರವಾರ ದೊಡ್ಡ ಕಂಪನಿಯವರೊಂದಿಗೆ ವಿಡಿಯೋ ಮೀಟಿಂಗ್ ಇಟ್ಟರು. ಮೂವರು ನೋಡಿದ ಆ ಮೊದಲ ರೆಕಾರ್ಡಿಂಗಿನ ಬಗ್ಗೆ ವಿಚಾರಣೆ. ನನ್ನ ಜೊತೆ ಅದನ್ನು ನೋಡಿದ್ದವರಲ್ಲಿ ಒಬ್ಬಳು ನಮ್ಮ ಶಿವಲೀಲಾ ಎಂದು ನನಗೆ ಗೊತ್ತಾದದ್ದು ಅಂದೇ. ತಲೆ ತಗ್ಗಿಸಿ ಕೂತಿದ್ದಳು. ಪರದೆಯ ಮೇಲಿದ್ದ ಮೇಡಂ ಇಂಗ್ಲಿಷಿನಲ್ಲಿ ಏನೋ ಕೇಳಿದರು. ನಿಯಮ ಸ್ಪಷ್ಟವಾಗಿದೆ, ಈಕೆ ಯಾಕೆ ಪಾಲಿಸುತ್ತಿಲ್ಲ ಎಂದು ಕೇಳುತ್ತಿದ್ದಾರೆ ಎಂದು ಕಿರಣ್ ತಿಳಿಸಿದರು.

ನಾನು ಎದ್ದು ನಿಂತೆ. “ಎಲ್ಲರೂ ಕಣ್ಣು ಮುಚ್ಕೊಳಿ ಅನ್ನಿ ಸಾರ್. ಆಮೇಲೆ ಲಕ್ಷ್ಮಮ್ಮ, ಶಾಂತಮ್ಮ ಇಬ್ರ ಕರೆನೂ ಕೇಳ್ಸಿ.”

ಲಕ್ಷ್ಮಮ್ಮ ಬಂದರು, ಗಂಟಲು ಸರಿಮಾಡಿಕೊಂಡರು, ಬಳಲಿದರು, ಗುಣಮುಖರಾದರು. ಶಾಂತಮ್ಮ ಬಂದರು, ಗಂಟಲು ಸರಿಮಾಡಿಕೊಂಡರು, ಬಳಲಿದರು, ಗುಣಮುಖರಾದರು.

ಆಮೇಲೆ ಶಿವಲೀಲಾ ಇದ್ದಕ್ಕಿದ್ದಂತೆ ತಲೆ ಎತ್ತಿದಳು. “ಸರ, ರಾಯಚೂರ ಕಡೆ ಯಾವ ಮುದುಕಿ ಹಿಂಗ ಮಾತಾಡ್ತಾಳ್ರೀ? ನಮ್ಮವ್ವ ಆಗಿದ್ರ ‘ಮೊಣಕಾಲು ಹಿಡಕೊಂಡು ಜೀವಾ ತಿಂತಿತ್ತವಾ’ ಅಂತಿದ್ಲು. ಈಕಿ ರಾಯಚೂರಕಿನೂ ಅಲ್ಲ, ತುಮಕೂರಕಿನೂ ಅಲ್ಲ. ನಾ ಲೋಗೋ ಒಂದ ನೋಡಿದ್ನಿ, ಮಾತು ಕೇಳಲೇ ಇಲ್ಲ. ನಂದೂ ಕೆಂಪು ಅಂತ ಬರಕೋರಿ.”

“ಶಿವಲೀಲಾ, ನಿನ್ನ ಸ್ಕೋರೂ ಹೋಗತ್ತೆ,” ಎಂದರು ಕಿರಣ್ ಮೆಲ್ಲಗೆ.

“ಹೋಗಲಿ ಬಿಡ್ರಿ.”

ಮೂವರಲ್ಲಿ ಇಬ್ಬರು. ಅವರ ನಿಯಮದ ಪ್ರಕಾರವೇ ಆ ರೆಕಾರ್ಡಿಂಗಿನ ಪಾಠ ಕೆಂಪಾಯಿತು. ನಮ್ಮ ಅತ್ತೆಗೆ ಆದದ್ದನ್ನೂ ನಾನು ಆಗ ಹೇಳಿದೆ. ಕಿರಣ್ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು. ನಿಧಾನವಾಗಿ, ಒಂದೂ ಬಿಡದೆ ಹೇಳಿದರು. ಪರದೆಯ ಮೇಡಂ ಏನೋ ಬರೆದುಕೊಂಡು, ನಮಸ್ಕಾರ ಮಾಡಿ ಹೋದರು. ಮರುವಾರದಿಂದ ಆ ಬಿಳಿ ಕೋಟಿನ ಕಾರ್ಯಕ್ರಮಕ್ಕೆ ಎಲ್ಲರೂ ಕೆಂಪು ಒತ್ತಬೇಕು ಎಂದು ಹೊಸ ಸೂಚನೆ ಬಂತು. ಬೇರೆ ಎಣ್ಣೆ, ಬೇರೆ ಪುಡಿಗಳ ಕಾರ್ಯಕ್ರಮಗಳ ಬಗ್ಗೆ ಆ ಸೂಚನೆಯಲ್ಲಿ ಒಂದು ಮಾತೂ ಇರಲಿಲ್ಲ. ಅವುಗಳಿಗೂ ನಾನು ಕೆಂಪೇ ಒತ್ತಿದೆ. ಮತ್ತೆ ಸ್ಕೋರು ಇಳಿಯಿತು. ಸಂಕ್ರಾಂತಿಗೆ ಮುಂಚೆ ನನ್ನನ್ನು ಕೆಲಸದಿಂದ ಬಿಡಿಸಿದರು. ಶಿವಲೀಲಾ ಉಳಿದುಕೊಂಡಳು. ಅದೊಂದು ಸಮಾಧಾನ.

ಕೊನೆಯ ದಿನ ಐಡಿ ಕಾರ್ಡು ವಾಪಸು ಕೊಟ್ಟು, ನನ್ನ ಕೀಬೋರ್ಡಿನ ಕೆಂಪು ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದೆ. ಕಿರಣ್ ನೋಡಿಬಿಟ್ಟರು.

“ಆಂಟಿ, ಅದು ಕಂಪನಿದು.”

“ನೀವು ಬೇರೆ ಅಂಟಿಸ್ಕೊಳಿ ಸಾರ್. ಇದು ತುಂಬಾ ಕೆಲಸ ಮಾಡಿದೆ.”

ಈ ಸಲ ಅವರೂ ನಕ್ಕರು. ಬಸ್ ಸ್ಟಾಪಿನವರೆಗೆ ಬಂದು ಬಿಟ್ಟು ಹೋದರು.

ಆ ಸಾಫ್ಟ್‌ವೇರ್ ಈಗ ಯಾರ ಮನೆಯಲ್ಲಿದೆಯೋ, ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ಅದರೊಳಗೆ ಎಲ್ಲೋ ನಮ್ಮಜ್ಜಿಯ ಜಗಲಿಯ ಪಾಠವೂ ಇರುತ್ತದೆ. ಕೆಲಸ ಹೋದದ್ದಕ್ಕೆ ಬೇಜಾರಿದೆಯೇ ಎಂದು ಕೆಲವರು ಕೇಳುತ್ತಾರೆ. ಇದೆ. ಆದರೆ ಆ ಎರಡು ಕೀಗಳನ್ನು ಮತ್ತೆ ನನ್ನ ಮುಂದಿಟ್ಟರೆ ಮತ್ತೆ ಅದನ್ನೇ ಒತ್ತುತ್ತೇನೆ.

ಕೆಂಪು ಸ್ಟಿಕ್ಕರು ಈಗ ನಮ್ಮ ಮನೆಯ ರಿಮೋಟಿನ ಮೇಲಿದೆ, ಟೀವಿ ಆರಿಸುವ ಗುಂಡಿಗೆ ಅಂಟಿಸಿದ್ದೇನೆ. ಎಂಟು ಗಂಟೆಗೆ ಅಂಬಲಿಯ ಜೊತೆ ಮಾತ್ರೆ ನುಂಗಿ ಅತ್ತೆ ಟೀವಿಯ ಮುಂದೆ ಕೂರುತ್ತಾರೆ. ಹೊಸ ಬಿಳಿ ಕೋಟು, ಹೊಸ ಬಾಟಲಿ. ಫೋನಿನಲ್ಲಿ ಯಾರೋ ಬಳಲಲು ಶುರುಮಾಡುತ್ತಾರೆ. ಅತ್ತೆ ಕಿವಿಗೊಟ್ಟು ಕೇಳಿ, “ಇವಳ್ಗೆ ಮಂಡಿನೇ ಇಲ್ಲ ಬುಡು” ಎಂದು ನಗುತ್ತಾರೆ. ಆಮೇಲೆ ರಿಮೋಟು ಎತ್ತಿಕೊಳ್ಳುತ್ತಾರೆ. ಎಡಗೈ ಹೆಬ್ಬೆರಳಿನಿಂದಲೇ ಒತ್ತಬೇಕು ಎಂದು ಹಟ. ಒಂದು ಸಲಕ್ಕೆ ಆಗುವುದಿಲ್ಲ, ಎರಡನೆಯ ಸಲಕ್ಕೂ ಜಾರುತ್ತದೆ. ನಾನು ಹತ್ತಿರ ಹೋದರೆ, “ನೀ ಸುಮ್ಕಿರು” ಎಂದು ಗದರುತ್ತಾರೆ. ನಾನು ಸೌಟು ಹಿಡಿದು ಬಾಗಿಲಲ್ಲೇ ನಿಲ್ಲುತ್ತೇನೆ. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಬಿಳಿ ಕೋಟು ಮಾತಿನ ನಡುವೆಯೇ ಆರಿಹೋಗುತ್ತದೆ.