ಕೇಳದ ದನಿಯನ್ನು ಹೊಗಳಿದವನು

ಎರಕದ ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಕುಲುಮೆ ಮಾವ ಅಂತ ಕರೆಯುತ್ತಿದ್ದರು. ಕರೆದರೆ ಅವನಿಗೆ ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಹರೆಯದಿಂದಲೂ ದೊಡ್ಡ ಕುಲುಮೆಯ ಪಕ್ಕ ನಿಂತು, ಬ್ಲೋವರಿನ ಅಬ್ಬರ ತಿಂದು ತಿಂದು ಕಿವಿ ಸತ್ತಿದ್ದವು. ಕಿವಿಗೆ ಮುಚ್ಚಳ ಕೊಡಿ ಅಂತ ಹಿಂದೊಮ್ಮೆ ಗೇಟಿನ ಮುಂದೆ ಬಿಸಿಲಲ್ಲಿ ಕೂತವರಲ್ಲಿ ಅವನೂ ಒಬ್ಬ. ಮುಚ್ಚಳ ಬಂತು, ಕಿವಿ ಹೋದ ಮೇಲೆ.

ಕಿವಿ ಹೋದ ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಅದೇ ಶೆಡ್ಡಿನಲ್ಲಿ ಮರಳಿನ ಅಚ್ಚು ಕಟ್ಟುವವಳು. ಎದುರಿಗೆ ನಿಂತು ಮಾತಾಡಿದರೆ ಅವನು ತುಟಿ ನೋಡಿ ನಿಭಾಯಿಸುತ್ತಿದ್ದ. ಹಿಂದಿನಿಂದ ಯಾರಾದರೂ ಕೂಗಿದರೆ ಅವಳು ಒಂದು ಚಿಟಿಕೆ ಮರಳನ್ನು ಅವನ ಬೆನ್ನಿಗೆ ಎಸೆಯುತ್ತಿದ್ದಳು. ಎಡಕ್ಕೆ ಬಿದ್ದರೆ ಎಡಕ್ಕೆ ತಿರುಗಬೇಕು, ಬಲಕ್ಕೆ ಬಿದ್ದರೆ ಬಲಕ್ಕೆ. ನೋಡಿದವರು, ಈ ವಯಸ್ಸಲ್ಲೂ ಸರಸ ನೋಡು ಅಂತ ನಗುತ್ತಿದ್ದರು. ನಗಲಿ ಅಂತ ಬಿಟ್ಟಿದ್ದಳು. ಕಿವಿ ಕೇಳದವನನ್ನು ಕುಲುಮೆ ಮುಂದೆ ಯಾರು ನಿಲ್ಲಿಸುತ್ತಾರೆ? ಗೇಟಿನಾಚೆ ಕಳಿಸುತ್ತಾರೆ. ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ.

ಆಗ ಗಾಲಿಕುರ್ಚಿಯ ಚಕ್ರಗಳ ಕೆಲಸ ಬಂತು. ಅಲ್ಯೂಮಿನಿಯಂ ಹಗುರ, ಆದರೆ ಬೇಗ ಸವೆಯುತ್ತದೆ. ಅದಕ್ಕೆ ಕಲ್ಲಿನಷ್ಟು ಗಟ್ಟಿಯಾದ ಸಣ್ಣ ಪುಡಿ ಬೆರೆಸಬೇಕು. ಬೆರೆಸಿದರೆ ಬಿಸಿನೀರಿಗೆ ಹಿಟ್ಟು ಸುರಿದ ಹಾಗೆ ಗಂಟುಗಟ್ಟುತ್ತದೆ. ಗಂಟು ಬಿಡಿಸಲು ಎಂಜಿನಿಯರಮ್ಮ ಒಂದು ಯಂತ್ರ ತಂದಳು. ಅದರ ಸರಳನ್ನು ಕರಗಿದ ಲೋಹದ ಮೂಸೆಗೆ ಇಳಿಸಿದರೆ ಸೆಕೆಂಡಿಗೆ ಸಾವಿರಾರು ಸಲ ನಡುಗುತ್ತದೆ. ಆ ನಡುಕಕ್ಕೆ ಪುಟ್ಟ ಗುಳ್ಳೆಗಳು ಹುಟ್ಟಿ ಒಡೆದು, ಪುಡಿಯನ್ನು ಎಲ್ಲ ಕಡೆ ಹರಡುತ್ತವೆ. ಅದರ ದನಿ ಶ್ರವಣಾತೀತ, ಮನುಷ್ಯರ ಕಿವಿಗೆ ಸಿಗುವುದಿಲ್ಲ. ಇದನ್ನೆಲ್ಲ ಅವಳು ಹಲಗೆಯ ಕಡೆ ಮುಖ ಮಾಡಿ ವಿವರಿಸಿದ್ದಳು. ಅವನು ಅವಳ ಜಡೆ ನೋಡುತ್ತಾ ತಲೆಯಾಡಿಸಿದ್ದ.

ಮೊದಲ ದಿನ ಸರಳು ಮೂಸೆಗೆ ಇಳಿಯಿತು. ಕರಗಿದ ಲೋಹದ ಮೈ ಜುಮ್ಮೆಂದಿತು. ಎಲ್ಲರೂ ಬಾಗಿ ನಿಂತಿದ್ದರು. ಕಿವಿಗೊಟ್ಟಿದ್ದಾರೆ ಅಂದುಕೊಂಡ ಅವನು.

"ಹೇಗಿದೆ ಮಾವ?" ಅಂದಳು ಎಂಜಿನಿಯರಮ್ಮ, ಅವನತ್ತ ತಿರುಗಿ.

"ಚೆನ್ನಾಗಿದೆ ತಾಯಿ. ಸದ್ದು ಮಾತ್ರ ಸ್ವಲ್ಪ ಜಾಸ್ತಿ. ತಲೆ ಸಿಡಿಯುತ್ತೆ."

ಯಾರೋ ಕಿಸಕ್ಕೆಂದರು. "ಮಾವನದು ನಾಯಿ ಕಿವಿ ಕಣ್ರೋ" ಅಂದ ಉಜ್ಜುವ ಕೆಲಸದವನು. ಮೇಸ್ತ್ರಿ ನಗಲಿಲ್ಲ. ಮಾವನ ಹಿಂದಕ್ಕೆ ಹೋಗಿ ಗಟ್ಟಿಯಾಗಿ ಕರೆದ. ಹೆಂಡತಿಯ ಕೈ ಮರಳಿಗೆ ಹೋಯಿತು; ಮೇಸ್ತ್ರಿ ಆ ಕೈಯನ್ನೇ ನೋಡುತ್ತಿದ್ದ. ಕೈ ಹಾಗೇ ನಿಂತಿತು. ಗಂಡನಿಗೆ ಕಂಡದ್ದು ಅವಳ ಮುಖ. ಸಿಕ್ಕಿಬಿದ್ದೆವು ಅಂತ ತಿಳಿಯಲು ಅಷ್ಟೇ ಸಾಕಾಯಿತು.

"ನನಗೆ ಕಿವಿ ಕೇಳಲ್ಲ ಮೇಸ್ತ್ರಿ" ಅಂದ. "ಅವಳನ್ನ ಏನೂ ಅನ್ನಬೇಡಿ."

ಮೇಸ್ತ್ರಿ ಎದುರಿಗೆ ಬಂದು, ಒಂದೊಂದೇ ಮಾತು ಬಿಡಿಸಿ ಹೇಳಿದ. "ಕಾದ ಲೋಹ ಹೊತ್ತವನು ದಾರಿ ಬಿಡಿ ಅಂತ ಕೂಗಿ, ನೀವು ಸರಿಯದಿದ್ರೆ? ಅವನ ಕಾಲು ಬೇಯುತ್ತೆ. ಯೋಚನೆ ಮಾಡಿದ್ರಾ? ನಾಳೆಯಿಂದ ದೊಡ್ಡ ಕುಲುಮೆ ಬೇಡ."

ಮೇಸ್ತ್ರಿ ಹೇಳಿದ್ದು ಸರಿಯಾಗೇ ಇತ್ತು.

"ಈ ಯಂತ್ರದ ಹತ್ತಿರ ನಿಲ್ಲಲಿ ಬಿಡಿ" ಅಂದಳು ಎಂಜಿನಿಯರಮ್ಮ. "ಇದರ ದನಿ ನಮಗಾದರೂ ಎಲ್ಲಿ ಕೇಳುತ್ತೆ? ಮೂಸೆ ನೋಡೋಕೆ ಕಣ್ಣು ಬೇಕು, ಅಷ್ಟೇ. ಕರೆಯೋಕೆ ಒಂದು ದೀಪ ಹಾಕಿಸಿ."

ಮೇಸ್ತ್ರಿ ಕುತ್ತಿಗೆ ಕೆರೆದುಕೊಂಡ. "ಹಾಕಿಸ್ತೀನಿ. ಇನ್ನೊಂದು ಸಲ ಏನಾದರೂ ಬಚ್ಚಿಟ್ಟರೆ ಗಂಡ ಹೆಂಡತಿ ಇಬ್ಬರನ್ನೂ ಗೇಟಿಗೆ ಅಟ್ಟುತ್ತೀನಿ."

ಅವನು ದೊಡ್ಡ ಕುಲುಮೆಯ ಬಳಿ ಹೋಗಿ ತನ್ನ ಕೈಗವಸು ಎತ್ತಿಕೊಂಡು ಬಂದ. ಮುಖ ಇಳಿದಿತ್ತು. ಹೆಂಡತಿ ಮಾತ್ರ ತಲೆ ಎತ್ತದೆ ಒಂದು ಅಚ್ಚನ್ನು ಶುರುವಿಂದ ಕೊನೆತನಕ ಕಟ್ಟಿದಳು. ಅವನ ಬೆನ್ನು ಕಾಯುವ ಕೆಲಸವಿಲ್ಲದೆ ಹಾಗೆ ಕಟ್ಟಿ ಎಷ್ಟು ಕಾಲವಾಗಿತ್ತೋ.

ಸಂಜೆ ಬಸ್ಸಿನಲ್ಲಿ ಕೂತದ್ದೇ ತಡ, ಅವನ ಭುಜಕ್ಕೊರಗಿ ಬಾಯಿ ತೆರೆದು ನಿದ್ದೆ ಹೋದಳು. ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದ್ದು ಅವನಿಗೆ ಕೇಳಲಿಲ್ಲ. ತಮ್ಮ ಬೀದಿಯ ಔಷಧದಂಗಡಿ ಕಿಟಕಿಯಲ್ಲಿ ಹಿಂದಕ್ಕೆ ಸರಿದದ್ದು ಕಂಡಿತು. ಎಬ್ಬಿಸಲು ಮನಸ್ಸು ಬರಲಿಲ್ಲ.

ಕೊನೆಯ ಸ್ಟಾಪಿನಿಂದ ವಾಪಸ್ ನಡೆಯುವಾಗ ಅವಳು ದಾರಿಯುದ್ದಕ್ಕೂ ಬೈದಳು. "ಕಣ್ಣೂ ಹೋಯ್ತೇನ್ರೀ ನಿಮಗೆ? ಅಂಗಡಿ ಕಾಣಲಿಲ್ವಾ?"

"ಕಾಣಿಸ್ತು" ಅಂದ. ಬೈಗುಳದಲ್ಲಿ ಒಂದೂ ತಪ್ಪಿಹೋಗದ ಹಾಗೆ ಅವಳ ಮುಖ ನೋಡಿಕೊಂಡೇ ನಡೆದ.